ತುಮಕೂರಿನ ಪಾಸ್‌ನವರು ಕಂಡ ‘ಟೆರರ್ ಬೈ ನೈಟ್’

ಮೊದಲೇ ಹೇಳಿಬಿಡುತ್ತೇನೆ. ಇದು 1946ರ ಸಿನಿಮಾ. ಕಪ್ಪು-ಬಿಳುಪು, ಬರೀ 60 ನಿಮಿಷ. ಹೀರೋಗೆ ಹೀರೋಯಿನ್ ಇಲ್ಲ. ಲಂಡನ್‌ನಿಂದ ಎಡಿನ್‌ಬರ್ಗ್‌ಗೆ ಹೋಗುವ ರಾತ್ರಿ ರೈಲು, ಅದರಲ್ಲೊಂದು ವಜ್ರ, ಒಂದು ಶವದ ಪೆಟ್ಟಿಗೆ, ಒಂದು ಕೊಲೆ, ಜೊತೆಗೆ ಪತ್ತೇದಾರ ಷರ್ಲಾಕ್ ಹೋಮ್ಸ್. ಅಷ್ಟೇ. ಕಥೆ ಮುಕ್ಕಾಲು ಪಾಲು ಬೋಗಿಯ ಒಳಗೇ ನಡೆದು ಬೋಗಿಯ ಒಳಗೇ ಮುಗಿಯುತ್ತದೆ.

ನಾನು ತುಮಕೂರಿನಿಂದ ಬೆಂಗಳೂರಿಗೆ ದಿನಾ ರೈಲಲ್ಲಿ ಓಡಾಡುವವನು. ಮಂತ್ಲಿ ಪಾಸ್. ನಮ್ಮದೊಂದು ಗುಂಪಿದೆ, ಬೆಳಗ್ಗೆ ಯಾವಾಗಲೂ ಅದೇ ಬೋಗಿ, ಸಾಧ್ಯವಾದರೆ ಅದೇ ಸೀಟು. ಪೀಣ್ಯದಲ್ಲಿ ಟೂಲ್ ರೂಮ್ ಕೆಲಸ ಮಾಡುವ ಅಣ್ಣ ಒಬ್ಬರು, ಗಣಿತದ ಮೇಷ್ಟ್ರು ಒಬ್ಬರು, ಕ್ಯಾತ್ಸಂದ್ರದಲ್ಲಿ ಹತ್ತುವ ಬ್ಯಾಂಕ್ ಮೇಡಂ, ಎಂಜಿನಿಯರಿಂಗ್ ಓದುವ ಒಬ್ಬ ಹುಡುಗಿ, ಆಮೇಲೆ ವಾರಕ್ಕೆ ಎರಡು ಸಲ ಮಗಳ ಮನೆಗೆ ಹೊರಡುವ, ರಿಟೈರ್ ಆದ ಲೋಕೋ ಪೈಲಟ್ ಒಬ್ಬರು. ಸೀಟಿಗಾಗಿ ಜಗಳ ಆಡುತ್ತಲೇ ಪರಿಚಯವಾದವರು ನಾವು. ಈಗ ಒಬ್ಬರಿಗೊಬ್ಬರು ಕರ್ಚೀಫ್ ಹಾಕಿ ಸೀಟು ಹಿಡಿಯುತ್ತೇವೆ. ದಿನಾ ಒಂದೂವರೆ ಗಂಟೆ ಮಾತಾಡುವುದಕ್ಕೆ ಏನಾದರೂ ಬೇಕಲ್ವಾ, ಹಾಗಾಗಿ ತಿಂಗಳಿಗೊಂದು ಹಳೇ ಸಿನಿಮಾ ಅಂತ ಶುರು ಮಾಡಿದೆವು. ಎಲ್ಲರೂ ಅವರವರ ಮೊಬೈಲಲ್ಲಿ ನೋಡಿಕೊಂಡು ಬರಬೇಕು, ಆಮೇಲೆ ರೈಲಲ್ಲಿ ಪಂಚಾಯ್ತಿ.

ಈ ಸಿನಿಮಾ ಆಯ್ಕೆ ಆಗಿದ್ದಕ್ಕೆ ಎರಡೇ ಕಾರಣ. ಒಂದು, ಫ್ರೀ. ಅಮೆರಿಕದಲ್ಲಿ ಇದರ ಕಾಪಿರೈಟ್ ನವೀಕರಣ ಆಗಲಿಲ್ಲ, ಹಾಗಾಗಿ ಅದು ಎಲ್ಲರ ಸೊತ್ತಾಗಿದೆ. ಇದೇ ಹೋಮ್ಸ್ ಸರಣಿಯ ಇನ್ನೂ ಮೂರು ಸಿನಿಮಾ ಹೀಗೇ ಸಾರ್ವಜನಿಕರ ಪಾಲಾಗಿವೆ. ಎರಡನೇ ಕಾರಣ, 60 ನಿಮಿಷ. ತುಮಕೂರಲ್ಲಿ ಹತ್ತಿ ಶುರು ಮಾಡಿದರೆ ಯಶವಂತಪುರ ಬರುವಷ್ಟರಲ್ಲಿ ಮುಗಿಯುತ್ತದೆ. ನಾನು ಹಾಗೇ ನೋಡಿದೆ. ಹಿರೇಹಳ್ಳಿ ದಾಟುವಾಗ ಶವದ ಪೆಟ್ಟಿಗೆ, ದಾಬಸ್‌ಪೇಟೆ ಹತ್ತಿರ ಕೊಲೆ, ದೊಡ್ಡಬೆಲೆಯಲ್ಲಿ ಕ್ರಾಸಿಂಗ್ ಅಂತ ಗಾಡಿ ನಿಂತಾಗ ಸಿನಿಮಾದಲ್ಲಿ ಹೋಮ್ಸ್‌ನನ್ನು ಯಾರೋ ರೈಲಿನಿಂದ ಹೊರಕ್ಕೆ ದಬ್ಬುತ್ತಿದ್ದರು. ಸುಳ್ಳಲ್ಲ, ನಾನು ಕೂತ ಜಾಗದಲ್ಲೇ ಸೀಟಿನ ಕಂಬಿ ಗಟ್ಟಿಯಾಗಿ ಹಿಡಿದುಕೊಂಡೆ.

ಕಥೆ ಸ್ವಲ್ಪ ಹೇಳುತ್ತೇನೆ, ಗುಟ್ಟು ಆಮೇಲೆ. ‘ಸ್ಟಾರ್ ಆಫ್ ರೊಡೇಶಿಯಾ’ ಅಂತ ಒಂದು ದೊಡ್ಡ ವಜ್ರ. ಅದು ಯಾರ ಕೈಯಲ್ಲಿರುತ್ತದೋ ಅವರಿಗೆ ಒಳ್ಳೆಯದಾಗಲ್ಲ ಅನ್ನೋ ಮಾತು ಬೇರೆ. ಅದರ ಒಡತಿ ಲೇಡಿ ಮಾರ್ಗರೆಟ್ ಅಂತ ಒಬ್ಬ ಶ್ರೀಮಂತ ಹೆಂಗಸು, ಅದನ್ನು ಲಂಡನ್‌ನಿಂದ ಎಡಿನ್‌ಬರ್ಗ್‌ಗೆ ವಾಪಸ್ ಒಯ್ಯುತ್ತಿದ್ದಾಳೆ. ಲಂಡನ್‌ನಲ್ಲಿ ಒಂದು ಸಲ ಕದಿಯುವ ಪ್ರಯತ್ನ ಆಗಿದೆ, ಅದಕ್ಕೇ ಅವಳ ಮಗ ಹೋಮ್ಸ್‌ನನ್ನು ಕಾವಲಿಗೆ ಗೊತ್ತು ಮಾಡಿದ್ದಾನೆ. ಅದೇ ರೈಲಲ್ಲಿ ಪೊಲೀಸ್ ಇನ್‌ಸ್ಪೆಕ್ಟರ್ ಲೆಸ್ಟ್ರೇಡ್, ಸುಮ್ನೆ ಮೀನು ಹಿಡಿಯೋಕೆ ಹೊರಟಿದ್ದೀನಿ ಅಂತ ನಾಟಕ ಆಡುತ್ತಾ ಕೂತಿದ್ದಾನೆ. ಆ ನಾಟಕ ನೋಡಿದರೆ ಮೀನಿಗೂ ನಗು ಬರಬೇಕು. ಹೋಮ್ಸ್‌ನ ಜೊತೆಗಾರ ಡಾಕ್ಟರ್ ವಾಟ್ಸನ್‌ಗೆ ಹಳೇ ಗೆಳೆಯ, ಮೇಜರ್ ಡಂಕನ್-ಬ್ಲೀಕ್ ಅಂತ ಒಬ್ಬ ರಿಟೈರ್ಡ್ ಮಿಲಿಟರಿಯವನು ಸಿಗುತ್ತಾನೆ. ತಾಯಿಯ ಶವವನ್ನು ಊರಿಗೆ ಒಯ್ಯುತ್ತಿರುವ ಒಬ್ಬ ಹೆಣ್ಣುಮಗಳು, ಒಬ್ಬ ಗಣಿತ ಪ್ರೊಫೆಸರ್, ಯಾವಾಗಲೂ ಗಾಬರಿಯಲ್ಲಿರುವ ಒಂದು ವಯಸ್ಸಾದ ಜೋಡಿ. ಗಾಡಿ ಹೊರಟ ಸ್ವಲ್ಪ ಹೊತ್ತಿಗೇ ಆ ಮಗ ಸತ್ತು ಬಿದ್ದಿರುತ್ತಾನೆ, ವಜ್ರ ಇಲ್ಲ.

ಇಷ್ಟು ಹೇಳಿದ ಮೇಲೆ ನನ್ನ ಅಭಿಪ್ರಾಯವನ್ನೂ ಹೇಳಿಬಿಡುತ್ತೇನೆ. ‘ಯಾರು ಕೊಂದಿದ್ದು’ ಅನ್ನೋ ಒಗಟಾಗಿ ನೋಡಿದರೆ ಇದು ಸಾಧಾರಣ ಸಿನಿಮಾ. ಹದಿನೈದು ನಿಮಿಷಕ್ಕೆ ಗೊತ್ತಾಗಿಬಿಡುತ್ತದೆ. ನಮ್ಮಮ್ಮನಿಗೆ ಇಂಗ್ಲಿಷ್ ಬರಲ್ಲ. ಅಡುಗೆಮನೆಯಿಂದ ಬಂದು ಐದು ನಿಮಿಷ ನನ್ನ ಹಿಂದೆ ನಿಂತು ನೋಡಿ, “ಅವ್ನೇ ಕಣಪ್ಪಾ, ಎಲ್ರ ಜೊತೆನೂ ನಗ್ತಾ ನಗ್ತಾ ಮಾತಾಡ್ತಾ ಇದಾನಲ್ಲ, ಅವ್ನೇ” ಅಂದು ಒಗ್ಗರಣೆ ಹಾಕೋಕೆ ಹೋದರು. ಸರಿಯಾಗಿತ್ತು. ಆದರೆ ರೈಲಿನ ಸಿನಿಮಾ ಅಂತ ನೋಡಿ, ಒಂದೇ ಬೋಗಿಯಲ್ಲಿ ಸಿಕ್ಕಿಹಾಕಿಕೊಂಡ ಹತ್ತು ಜನರ ಸಿನಿಮಾ ಅಂತ ನೋಡಿ, ಆಗ ಇದು ಬಹಳ ಚೆನ್ನಾಗಿದೆ. ದುಡ್ಡಿಲ್ಲದೇ ಇದ್ದದ್ದೇ ಇದಕ್ಕೆ ಉಪಕಾರ ಮಾಡಿದೆ ಅಂತ ನನಗೆ ಅನಿಸುತ್ತದೆ. ದುಡ್ಡಿದ್ದಿದ್ದರೆ ಅರಮನೆ ತೋರಿಸುತ್ತಿದ್ದರು, ಲಂಡನ್ ಬೀದಿ ತೋರಿಸುತ್ತಿದ್ದರು, ಆ ವಜ್ರದ ಹಿಂದಿನ ಕಥೆ ಅಂತ ಇಪ್ಪತ್ತು ನಿಮಿಷ ಕೊರೆಯುತ್ತಿದ್ದರು.

ಆಗಿನ ಪದ್ಧತಿ ಗೊತ್ತಿಲ್ಲದವರಿಗೆ ಒಂದು ಮಾತು. ಆಗ ಅಮೆರಿಕದಲ್ಲಿ ಒಂದೇ ಟಿಕೆಟ್‌ಗೆ ಎರಡು ಸಿನಿಮಾ ತೋರಿಸುತ್ತಿದ್ದರು. ಒಂದು ದೊಡ್ಡ ಸ್ಟಾರ್ ಸಿನಿಮಾ, ಅದರ ಜೊತೆಗೆ ಒಂದು ಚಿಕ್ಕದು. ಆ ಚಿಕ್ಕದಕ್ಕೆ ಬಿ ಪಿಕ್ಚರ್ ಅಂತ ಹೆಸರು. ಒಂದು ಗಂಟೆ ಆಸುಪಾಸು, ಕಡಿಮೆ ಖರ್ಚು, ಬೇಗ ಬೇಗ ಶೂಟಿಂಗ್, ಇದ್ದ ಸೆಟ್ಟನ್ನೇ ತಿರುಗಿಸಿ ಬಳಸೋದು. ಯೂನಿವರ್ಸಲ್ ಕಂಪನಿ 1942ರಿಂದ 1946ರ ಒಳಗೆ ಹೀಗೆ ಹನ್ನೆರಡು ಹೋಮ್ಸ್ ಸಿನಿಮಾ ತೆಗೆಯಿತು. ಅದಕ್ಕೂ ಮೊದಲು 1939ರಲ್ಲಿ ಫಾಕ್ಸ್ ಕಂಪನಿಯವರು ಎರಡು ತೆಗೆದಿದ್ದರು, ಅವಕ್ಕೆ ಒಳ್ಳೇ ಖರ್ಚು ಮಾಡಿದ್ದರು. ಹದಿನಾಲ್ಕರಲ್ಲೂ ಹೋಮ್ಸ್ ಆಗಿ ಬೇಸಿಲ್ ರಾಥ್‌ಬೋನ್, ವಾಟ್ಸನ್ ಆಗಿ ನೈಜೆಲ್ ಬ್ರೂಸ್. ಇದು ಹದಿಮೂರನೆಯದು. ಯೂನಿವರ್ಸಲ್‌ನ ಹನ್ನೆರಡರಲ್ಲಿ ಮೊದಲನೆಯದು ಬಿಟ್ಟು ಉಳಿದ ಹನ್ನೊಂದಕ್ಕೂ ನಿರ್ದೇಶಕ ಒಬ್ಬನೇ, ರಾಯ್ ವಿಲಿಯಂ ನೀಲ್. ಹನ್ನೊಂದು ಸಿನಿಮಾ ಮಾಡಿದ ಕೈ, ಕಮ್ಮಿ ಜಾಗದಲ್ಲಿ ಕ್ಯಾಮೆರಾ ಎಲ್ಲಿಡಬೇಕು ಅಂತ ಆ ಮನುಷ್ಯನಿಗೆ ಗೊತ್ತಿತ್ತು.

ಆ ಜಾಗದ ವಿಷಯ ಸ್ವಲ್ಪ ಜಾಸ್ತಿ ಹೇಳಬೇಕು, ಯಾಕಂದರೆ ಸಿನಿಮಾದ ಜೀವ ಅಲ್ಲೇ ಇದೆ. ನಮ್ಮ ಪ್ಯಾಸೆಂಜರ್ ಗಾಡಿ ಥರ ಎಲ್ಲ ತೆರೆದ ಬೋಗಿ ಅಲ್ಲ ಅದು. ನಮ್ಮ ಫಸ್ಟ್ ಎಸಿ ಬೋಗಿ ನೋಡಿದ್ದೀರಲ್ಲ, ಒಂದು ಪಕ್ಕ ಉದ್ದಕ್ಕೆ ಓಣಿ, ಇನ್ನೊಂದು ಪಕ್ಕ ಬಾಗಿಲಿರುವ ಖೋಲಿಗಳು, ಆ ಥರ. ಹಾಗಾಗಿ ಒಳಗೆ ಏನು ನಡೆಯುತ್ತಿದೆ ಅಂತ ಓಣಿಯಲ್ಲಿ ಇರುವವರಿಗೆ ಗೊತ್ತಾಗಲ್ಲ, ಓಣಿಯಲ್ಲಿ ಯಾರು ಹೋದರು ಅಂತ ಒಳಗಿರುವವರಿಗೆ ಗೊತ್ತಾಗಲ್ಲ. ಬಾಗಿಲು ಅರ್ಧ ತೆರೆದರೆ ಸಾಕು, ನಮಗೆ ಏನೋ ಆಗುತ್ತದೆ ಅನಿಸಲು ಶುರುವಾಗುತ್ತದೆ. ಗಾಡಿ ಓಡುತ್ತಿರುವಾಗ ಯಾರೂ ಇಳಿದು ಓಡಿಹೋಗುವ ಹಾಗಿಲ್ಲ. ಕಳ್ಳನೂ ಇಲ್ಲೇ, ವಜ್ರವೂ ಇಲ್ಲೇ. ಒಂದು ಓಣಿ, ನಾಲ್ಕಾರು ಬಾಗಿಲು, ಒಂದು ಊಟದ ಬೋಗಿ, ಒಂದು ಲಗೇಜ್ ವ್ಯಾನ್, ಇಷ್ಟರಲ್ಲೇ ಒಂದು ಗಂಟೆ ಎಳೆದಿದ್ದಾರೆ, ಎಳೆದ ಹಾಗೆ ಅನಿಸುವುದಿಲ್ಲ.

ಆದರೆ ಕಂಜೂಸುತನ ಕಣ್ಣಿಗೆ ಹೊಡೆಯುವ ಕಡೆಯೂ ಇದೆ. ಇದನ್ನು ಹಿಡಿದವರು ನಮ್ಮ ಲೋಕೋ ಪೈಲಟ್ ಸಾಹೇಬರು. ಅವರಿಗೆ ಕೊಲೆ-ಗಿಲೆ ಯಾವುದೂ ಬೇಡ. “ಏನ್ರೀ ಇದು, ಲಂಡನ್ ಬಿಟ್ಟಾಗ ಒಂದ್ ಎಂಜಿನ್, ಹತ್ತ್ ನಿಮಿಷ ಆದ್ಮೇಲೆ ಇನ್ನೊಂದ್ ಎಂಜಿನ್, ಆಮೇಲೆ ಮತ್ತೊಂದು. ಚೇಂಜ್ ಮಾಡೋಕೆ ಗಾಡಿ ಎಲ್ಲಿ ನಿಂತಿತ್ತು?” ಅಂತ ಶುರು ಮಾಡಿದರು. ವಿಷಯ ಏನಂದರೆ, ರೈಲು ಹೊರಗಿಂದ ಓಡುವ ದೃಶ್ಯಗಳನ್ನು ಇವರು ತೆಗೆದೇ ಇಲ್ಲ, ಹಳೇ ಫಿಲ್ಮು ಇದ್ದದ್ದನ್ನು ಅಲ್ಲಿಂದ ಇಲ್ಲಿಂದ ತಂದು ಅಂಟಿಸಿದ್ದಾರೆ. ಒಂದು ಶಾಟಿನ ಗಾಡಿಗೂ ಇನ್ನೊಂದಕ್ಕೂ ಸಂಬಂಧ ಇಲ್ಲ. ನನಗೆ ಅದು ಗೊತ್ತೇ ಆಗಿರಲಿಲ್ಲ. ಅವರು ಹೇಳಿದ ಮೇಲೆ ಇನ್ನೊಂದು ಸಲ ನೋಡಿದೆ, ಈಗ ಅದು ಬಿಟ್ಟು ಬೇರೇನೂ ಕಾಣುತ್ತಿಲ್ಲ. ಅವರು ಕೊಟ್ಟ ಮಾರ್ಕು ಐದಕ್ಕೆ ಎರಡು. ಉಗಿ ಎಂಜಿನ್ ಸದ್ದಿಗೆ ಒಂದು, ಕೂಗಿಗೆ ಒಂದು.

ಕಿಟಕಿಯಾಚೆಯೂ ಅಷ್ಟೇ. ರಾತ್ರಿ ಪ್ರಯಾಣ ಅಂತ ಇಟ್ಟುಕೊಂಡಿದ್ದೇ ಅದಕ್ಕಿರಬೇಕು, ಹೊರಗೆ ಏನೂ ತೋರಿಸೋ ಕಷ್ಟ ಇಲ್ಲ. ನಮಗಾದರೆ ದಾಬಸ್‌ಪೇಟೆ ಹತ್ತಿರ ಬಂದರೆ ಶಿವಗಂಗೆ ಬೆಟ್ಟ ನೋಡಿಕೊಂಡು ಕೂರಬಹುದು.

ಈಗ ವಾಟ್ಸನ್. ಇವನ ಬಗ್ಗೆ ನಮ್ಮ ಬೋಗಿಯಲ್ಲಿ ದೊಡ್ಡ ಜಗಳವೇ ಆಯ್ತು. ಎಂಜಿನಿಯರಿಂಗ್ ಹುಡುಗಿ, ಹೋಮ್ಸ್‌ನನ್ನು ಸೃಷ್ಟಿಸಿದ ಕಾನನ್ ಡಾಯ್ಲ್ ಕಥೆಗಳನ್ನೆಲ್ಲ ಓದಿಕೊಂಡವಳು. ಅವಳಿಗೆ ಬಹಳ ಬೇಜಾರು. “ಸರ್, ಕಥೆಯಲ್ಲಿ ವಾಟ್ಸನ್ ಬುದ್ಧಿವಂತ, ಯುದ್ಧಕ್ಕೆ ಹೋಗಿ ಬಂದ ಡಾಕ್ಟರ್. ಇವರು ಅವನನ್ನ ಪೆದ್ದು ತಾತನ ಥರ ಮಾಡಿದಾರೆ” ಅಂದಳು. ಅವಳು ಹೇಳೋದು ನಿಜ. ನೈಜೆಲ್ ಬ್ರೂಸ್ ವಾಟ್ಸನ್ ಅಂದರೆ ಗೊಣಗುವ, ತಡವರಿಸುವ, ತಪ್ಪು ಮನುಷ್ಯನನ್ನು ಹಿಡಿದು ಜಂಬ ಪಡುವ ವಾಟ್ಸನ್. ಎಷ್ಟೋ ಜನರಿಗೆ ವಾಟ್ಸನ್ ಅಂದರೆ ಹೀಗೇ ಅಂತ ತಲೆಯಲ್ಲಿ ಕೂತುಬಿಟ್ಟಿದ್ದಕ್ಕೆ ಈ ಸಿನಿಮಾಗಳೇ ಕಾರಣ. ಬ್ಯಾಂಕ್ ಮೇಡಂ ಮಾತ್ರ ಒಪ್ಪಲಿಲ್ಲ. “ಹೋಮ್ಸ್ ನೋಡಿ, ಒಂದು ಸಲನೂ ಸರಿಯಾಗಿ ನಗಲ್ಲ. ಆ ವಾಟ್ಸನ್ ಯಪ್ಪ ಇಲ್ದಿದ್ರೆ ಒಂದ್ ಗಂಟೆ ಹೇಗ್ರೀ ಕೂರೋದು?” ಅಂದರು. ನಾನು ಮೇಡಂ ಕಡೆ. ಹೋಮ್ಸ್ ಜೊತೆ ಒಂದೇ ಖೋಲಿಯಲ್ಲಿ ರಾತ್ರಿ ಕಳೆಯೋದು ಯಾರಿಗೂ ಬೇಡ ಅನಿಸುತ್ತೆ. ವಾಟ್ಸನ್ ಜೊತೆಯಾದರೆ ಒಂದು ತಟ್ಟೆ ಇಡ್ಲಿ ತಿಂದುಕೊಂಡು ಹರಟಬಹುದು.

ವಾಟ್ಸನ್‌ಗೆ ಈ ಸಿನಿಮಾದಲ್ಲಿ ಸ್ವಂತ ತನಿಖೆ ಮಾಡೋ ಹುಚ್ಚು. ಗಣಿತ ಪ್ರೊಫೆಸರ್ ಹತ್ತಿರ ಹೋಗಿ ಪ್ರಶ್ನೆ ಕೇಳೋಕೆ ಶುರು ಮಾಡುತ್ತಾನೆ. ಆ ಪ್ರೊಫೆಸರ್ ಎಂಥ ಗಟ್ಟಿಗ ಅಂದರೆ, ಉತ್ತರ ಕೊಡುವ ಬದಲು ವಾಟ್ಸನ್‌ಗೇ ತಿರುಗಿ ಪ್ರಶ್ನೆ ಹಾಕಿ, ನೀನೇ ಯಾಕೆ ಕಳ್ಳ ಆಗಿರಬಾರದು ಅನ್ನೋ ಮಟ್ಟಕ್ಕೆ ತಂದು ನಿಲ್ಲಿಸುತ್ತಾನೆ. ಪೊಲೀಸ್ ಥರ ಹೋದವನು ಆರೋಪಿ ಥರ ವಾಪಸ್ ಬರುತ್ತಾನೆ. ನಮ್ಮ ಮೇಷ್ಟ್ರು ಇದನ್ನು ಮೂರು ಸಲ ಹಿಂದಕ್ಕೆ ಹಾಕಿ ನೋಡಿದರಂತೆ. “ಗಣಿತದವ್ರ ಹತ್ರ ಸುಮ್ನೆ ಬಂದು ಪ್ರಶ್ನೆ ಕೇಳಿದ್ರೆ ಹಿಂಗೇ ಆಗೋದು” ಅಂತ ಅವರಿಗೆ ಅದೊಂದು ಕುಲದ ಗೌರವ. ಆಮೇಲೆ ಅವರದೇ ಒಂದು ಲೆಕ್ಕ. ಕಥೆಯಲ್ಲಿ ಒಬ್ಬ ಗಣಿತ ಪ್ರೊಫೆಸರ್‌ನನ್ನು ಇಟ್ಟಿದ್ದೇ ನಮ್ಮನ್ನು ದಾರಿ ತಪ್ಪಿಸಲು, ಯಾಕಂದರೆ ಹೋಮ್ಸ್‌ನ ದೊಡ್ಡ ವೈರಿ ಮೊರಿಯಾರ್ಟಿ ಕೂಡ ಗಣಿತ ಪ್ರೊಫೆಸರ್ ಅಲ್ವಾ. ಹೋಮ್ಸ್ ಗೊತ್ತಿರುವವರು ಮೊದಲು ಇವನನ್ನೇ ಅನುಮಾನಿಸುತ್ತಾರೆ. ಇದು ನನಗೆ ಹೊಳೆದಿರಲಿಲ್ಲ. ಮೇಷ್ಟ್ರಿಗೆ ಆ ದಿನದ ಕಾಫಿ ನಾನು ಕೊಡಿಸಿದೆ.

ಆದರೆ ಇಡೀ ಸಿನಿಮಾದಲ್ಲಿ ನನಗೆ ತುಂಬ ಇಷ್ಟ ಆಗಿದ್ದು ಟೀಪಾಟ್.

ಆ ವಯಸ್ಸಾದ ಜೋಡಿ ಇದೆ ಅಂದೆನಲ್ಲ, ಅವರು ಮೊದಲಿನಿಂದಲೂ ಬೆವರುತ್ತಾ ಕೂತಿರುತ್ತಾರೆ. ಯಾರಾದರೂ ಬಾಗಿಲ ಹತ್ತಿರ ಬಂದರೆ ಸಾಕು, ಇಬ್ಬರೂ ಬೆಚ್ಚಿಬೀಳುತ್ತಾರೆ. ವಜ್ರ ಕಳುವಾಗಿದೆ, ಕೊಲೆ ಆಗಿದೆ, ವಿಚಾರಣೆ ನಡೆಯುತ್ತಿದೆ. ವಾಟ್ಸನ್‌ಗೆ ಇವರ ಮೇಲೆ ಕಣ್ಣು. ಕೊನೆಗೆ ಆ ಗಂಡ ಒತ್ತಡ ತಡೆಯಲಾರದೆ ಕಳ್ಳತನ ಒಪ್ಪಿಕೊಳ್ಳುತ್ತಾನೆ. ವಾಟ್ಸನ್‌ಗೆ ಖುಷಿಯೋ ಖುಷಿ, ಕೇಸು ಗೆದ್ದೆ ಅಂತ. ಆಮೇಲೆ ನೋಡಿದರೆ ಅವನು ಕದ್ದಿದ್ದು ವಜ್ರ ಅಲ್ಲ, ಉಳಿದುಕೊಂಡಿದ್ದ ಹೋಟೆಲಿನ ಒಂದು ಟೀಪಾಟ್!

ಇದು ನಗಿಸೋಕೆ ಇಟ್ಟ ದೃಶ್ಯ ಅಂತ ಗೊತ್ತು. ನಾನೂ ನಕ್ಕೆ. ಆದರೆ ಆ ಮುದುಕನ ಮುಖ ನೋಡಿ, ಅಲ್ಲಿ ನಿಜವಾದ ಭಯ ಇದೆ. ಕೋಟಿ ಬೆಲೆಯ ವಜ್ರಕ್ಕೆ ಕೊಲೆ ಮಾಡಿದವನು ಹಾಯಾಗಿ ಊಟದ ಬೋಗಿಯಲ್ಲಿ ಹರಟುತ್ತಾ ಕೂತಿದ್ದಾನೆ, ಟೀಪಾಟ್ ಕದ್ದವನಿಗೆ ನಿದ್ದೆ ಇಲ್ಲ. ಇದನ್ನು ಹೇಳಿದಾಗ ಬೋಗಿಯಲ್ಲಿ ಒಂದು ಕ್ಷಣ ಎಲ್ಲರೂ ಸುಮ್ಮನಾದರು. ಆಮೇಲೆ ಒಬ್ಬೊಬ್ಬರದೇ ಹೊರಗೆ ಬಂತು. ಟೂಲ್ ರೂಮ್ ಅಣ್ಣ ಯಾವಾಗಲೋ ದೂರದ ರೈಲಲ್ಲಿ ಹೋಗುವಾಗ ಎಸಿ ಬೋಗಿಯ ಚಿಕ್ಕ ಟವೆಲ್ ಬ್ಯಾಗಿಗೆ ಸೇರಿಕೊಂಡುಬಿಟ್ಟಿತ್ತಂತೆ. “ಸೇರಿಕೊಂಡುಬಿಡ್ತು” ಅಂತಲೇ ಹೇಳಿದರು, ಟವೆಲ್ ತಾನೇ ನಡೆದುಕೊಂಡು ಬಂದ ಹಾಗೆ. ಮೇಡಂ ಅವರ ಮನೆಯಲ್ಲಿ ಒಂದು ಹೋಟೆಲಿನ ಸ್ಟೀಲ್ ಚಮಚ ಇದೆಯಂತೆ, ಹೇಗೆ ಬಂತು ಅಂತ ಯಾರೂ ಕೇಳಲ್ಲವಂತೆ. ನನ್ನದು ಹೇಳಲ್ಲ. ನಮ್ಮ ಪತ್ತೇದಾರಿ ಕಾದಂಬರಿಗಳಲ್ಲಿ, ಅಂದರೆ ಹಿಂದೆ ಬಸ್ ಸ್ಟ್ಯಾಂಡ್ ಅಂಗಡಿಗಳಲ್ಲಿ ನೇತು ಹಾಕಿರುತ್ತಿದ್ದರಲ್ಲ ಆ ಪಾಕೆಟ್ ಪುಸ್ತಕಗಳಲ್ಲಿ, ಅನುಮಾನಕ್ಕೆ ಬೀಳುವ ಎಲ್ಲರೂ ಏನಾದರೂ ದೊಡ್ಡ ತಪ್ಪನ್ನೇ ಮಾಡಿರುತ್ತಿದ್ದರು. ಇಲ್ಲಿ ಹಾಗಲ್ಲ. ಬೋಗಿಯಲ್ಲಿ ಎಲ್ಲರ ಹತ್ತಿರವೂ ಮುಚ್ಚಿಡಲು ಏನೋ ಒಂದು ಇದೆ, ಹೆಚ್ಚಿನವು ಟೀಪಾಟಿನ ಸೈಜಿನವು. ಚಿತ್ರಕಥೆ ಬರೆದ ಫ್ರಾಂಕ್ ಗ್ರೂಬರ್ ಅಗ್ಗದ ಪತ್ರಿಕೆಗಳಿಗೆ ರಾಶಿ ರಾಶಿ ಪತ್ತೇದಾರಿ ಕಥೆ ಬರೆದ ಮನುಷ್ಯ. ಪುಟ ತುಂಬಿಸೋದು ಹೇಗೆ ಅಂತ ಅವನಿಗೆ ಗೊತ್ತು, ಆದರೆ ಈ ಟೀಪಾಟ್ ಬರೀ ಪುಟ ತುಂಬಿಸಿದ್ದಲ್ಲ.

ಇಲ್ಲಿಂದ ಮುಂದೆ ಗುಟ್ಟು ಬಿಚ್ಚುತ್ತೇನೆ. ನೋಡಬೇಕು ಅಂತಿರುವವರು ಇಲ್ಲೇ ಇಳಿದುಕೊಳ್ಳಿ.

ಶವದ ಪೆಟ್ಟಿಗೆಗೆ ಕಳ್ಳ ಅರೆ ಇದೆ. ಅದರೊಳಗೆ ಒಬ್ಬ ಸಣಕಲು ಮನುಷ್ಯ ಅಡಗಿ ಬಂದಿದ್ದಾನೆ. ಅವನ ಹತ್ತಿರ ಒಂದು ಗಾಳಿ ಪಿಸ್ತೂಲು. ಅದರಿಂದ ಹೊಡೆಯುವ ವಿಷದ ಮುಳ್ಳು ಜೆಲಟಿನ್‌ನದು, ಮೈಗೆ ಚುಚ್ಚಿದ ಮೇಲೆ ಕರಗಿ ಹೋಗುತ್ತದೆ. ಕುರುಹೇ ಇಲ್ಲ. ಅವನನ್ನು ಕರೆತಂದ ದೊಡ್ಡ ತಲೆ ಬೇರೆ ಯಾರೂ ಅಲ್ಲ, ವಾಟ್ಸನ್‌ನ ಹಳೇ ಗೆಳೆಯ ಮೇಜರ್. ಅವನ ನಿಜವಾದ ಹೆಸರು ಕರ್ನಲ್ ಸೆಬಾಸ್ಟಿಯನ್ ಮೊರನ್. ವಜ್ರ ಕಳುವಾಯ್ತು ಅಂತ ನಾವು ಅಂದುಕೊಂಡರೆ, ಹೋಮ್ಸ್ ಮೊದಲೇ ಅದನ್ನು ಕೈಚಳಕದಲ್ಲಿ ಬದಲಾಯಿಸಿ ನಕಲಿ ಇಟ್ಟಿರುತ್ತಾನೆ. ಒಳ್ಳೇ ಕೆಲಸ. ಆದರೆ ಅಸಲಿ ವಜ್ರವನ್ನು ಜೋಪಾನ ಮಾಡು ಅಂತ ಆಮೇಲೆ ಕೊಡುವುದು ಯಾರ ಕೈಗೆ? ಲೆಸ್ಟ್ರೇಡ್ ಕೈಗೆ! ಮೀನು ಹಿಡಿಯೋ ನಾಟಕದವನ ಕೈಗೆ! ಅವನು ತಲೆಗೆ ಪೆಟ್ಟು ತಿಂದು ಅದನ್ನೂ ಕಳೆದುಕೊಳ್ಳುತ್ತಾನೆ. ಆಮೇಲೆ ಮೊರನ್ ತನ್ನ ಸಹಾಯಕನನ್ನೇ ಮುಗಿಸಿಬಿಡುತ್ತಾನೆ.

ಟೂಲ್ ರೂಮ್ ಅಣ್ಣನಿಗೆ ಪೆಟ್ಟಿಗೆಯದ್ದೇ ಚಿಂತೆ. “ಹೊರಗಿನ ಅಳತೆಗೂ ಒಳಗಿನ ಅಳತೆಗೂ ಅಷ್ಟು ವ್ಯತ್ಯಾಸ ಇದ್ರೆ ನೋಡಿದ ತಕ್ಷಣ ಗೊತ್ತಾಗಲ್ವಾ? ಉಸಿರಾಡೋಕೆ ತೂತು ಎಲ್ಲಿ? ಮೇಲಿನ ಅರೇಲಿ ನಿಜವಾದ ಹೆಣ, ಕೆಳಗೆ ಜೀವ ಇರೋನು, ತೂಕ ಎಷ್ಟಾಯ್ತು? ಹೊರೋರಿಗೆ ಅನುಮಾನ ಬರಲ್ವಾ?” ಅಂತ ಚಿಕ್ಕಬಾಣಾವರದವರೆಗೂ ಬಿಡಲಿಲ್ಲ. ಕಾಗದದ ಮೇಲೆ ಚಿತ್ರ ಬರೆದು ತೋರಿಸಿದರು, ತಾನಾಗಿದ್ದರೆ ಹೇಗೆ ಮಾಡುತ್ತಿದ್ದೆ ಅಂತ. ಚೆನ್ನಾಗಿತ್ತು ಡ್ರಾಯಿಂಗು. ಪಕ್ಕದ ಸೀಟಿನ ಅಜ್ಜಿಯೊಬ್ಬರು ನಮ್ಮನ್ನು ಒಂಥರಾ ನೋಡುತ್ತಿದ್ದರು.

ಈ ಮೊರನ್ ವಿಷಯದಲ್ಲಿ ನಮಗೆಲ್ಲ ಒಂದು ಮಜಾ ಕಾದಿತ್ತು. ಎಂಜಿನಿಯರಿಂಗ್ ಹುಡುಗಿ ಮೊಬೈಲಲ್ಲಿ ಡಾಯ್ಲ್‌ನ 1903ರ ಕಥೆ ತೆಗೆದು ತೋರಿಸಿದಳು, ‘ದಿ ಎಂಪ್ಟಿ ಹೌಸ್’. ಮೊರನ್ ಅಲ್ಲಿಯ ಪಾತ್ರ, ಗಾಳಿ ಬಂದೂಕೂ ಅಲ್ಲಿಯದೇ. ಅಲ್ಲಿ ಹೋಮ್ಸ್ ತನ್ನ ಪುಸ್ತಕದಲ್ಲಿ ಮೊರನ್ ಬಗ್ಗೆ ಬರೆದಿಟ್ಟ ಟಿಪ್ಪಣಿ ಇದೆ. ಅದರ ಪ್ರಕಾರ ಅವನು ಮೊದಲು ಫಸ್ಟ್ ಬ್ಯಾಂಗಲೋರ್ ಪಯೊನೀರ್ಸ್ ಪಡೆಯಲ್ಲಿದ್ದವನು! ಲಂಡನ್‌ನ ಎರಡನೇ ಅತಿ ಅಪಾಯಕಾರಿ ಮನುಷ್ಯ ನಮ್ಮ ಬೆಂಗಳೂರು ದಂಡಿನವನು. ಆ ಹೆಸರಿನ ಪಡೆ ನಿಜವಾಗಿ ಇರಲಿಲ್ಲ, ಡಾಯ್ಲ್ ಕಟ್ಟಿದ್ದು. ಆದರೂ ಬೋಗಿಯಲ್ಲಿ ಒಂದು ಸಂಭ್ರಮ. “ಅಂದ್ರೆ ಅವ್ನೂ ಈ ರೈಲಲ್ಲಿ ಓಡಾಡಿರ್ತಾನೆ ಬಿಡಿ” ಅಂದರು ಮೇಷ್ಟ್ರು. “ಸೀಟ್ ಬಿಟ್ಟುಕೊಟ್ಟಿರಲ್ಲ” ಅಂದರು ಮೇಡಂ.

ಶವದ ಪೆಟ್ಟಿಗೆಯ ಉಪಾಯವೂ ಸ್ವಂತದ್ದಲ್ಲ, ಡಾಯ್ಲ್‌ನ ಲೇಡಿ ಫ್ರಾನ್ಸಿಸ್ ಕಾರ್ಫ್ಯಾಕ್ಸ್ ಕಥೆಯಿಂದ ಎತ್ತಿದ್ದು. ಹೀಗೆ ಅಲ್ಲೊಂದು ಇಲ್ಲೊಂದು ತುಂಡು ತಂದು ಹೊಲಿದ ಕೌದಿ ಇದು. ಹೊಲಿಗೆ ಕಾಣುತ್ತದೆ, ಆದರೆ ಹೊದೆಯಲು ಬೆಚ್ಚಗಿದೆ.

ಮೊರನ್ ಪಾತ್ರ ಮಾಡಿದ ಅಲನ್ ಮೌಬ್ರೇ ಬಗ್ಗೆ ಎರಡು ಮಾತು. ಈತ 1933ರ ಇನ್ನೊಂದು ಹೋಮ್ಸ್ ಸಿನಿಮಾದಲ್ಲಿ ಇನ್‌ಸ್ಪೆಕ್ಟರ್ ಲೆಸ್ಟ್ರೇಡ್ ಆಗಿದ್ದವನು. ಪೊಲೀಸಿನವನು ಹದಿಮೂರು ವರ್ಷಕ್ಕೆ ಕಳ್ಳನಾದ. ನಗುಮುಖ ಚೆನ್ನಾಗಿದೆ, ಒರಟು ಮುಖ ಅಷ್ಟಕ್ಕಷ್ಟೆ. ಲೆಸ್ಟ್ರೇಡ್ ಆಗಿ ಡೆನಿಸ್ ಹೋಯಿ ಮಾತ್ರ ಬಹಳ ಇಷ್ಟವಾದ, ಹೆಡ್ಡತನದಲ್ಲೂ ಒಂದು ಗತ್ತು ಇಟ್ಟುಕೊಂಡಿದ್ದಾನೆ. ಶವದ ಪೆಟ್ಟಿಗೆಯ ಹುಡುಗಿಯಾಗಿ ಬರುವ ರೆನೀ ಗಾಡ್‌ಫ್ರೇಗೆ ಹೆಚ್ಚು ಕೆಲಸ ಕೊಟ್ಟಿಲ್ಲ. ರಾಥ್‌ಬೋನ್ ಬಗ್ಗೆ ಏನು ಹೇಳೋದು, ಆ ಮೂಗು, ಆ ಗಂಟಲು, ಹೋಮ್ಸ್ ಅಂದರೆ ಇವನೇ. ಇಬ್ಬರು ಹೀರೋಗಳೂ ಪಕ್ಕಾ ಇಂಗ್ಲಿಷರ ಥರ ಕಂಡರೂ ರಾಥ್‌ಬೋನ್ ಹುಟ್ಟಿದ್ದು ದಕ್ಷಿಣ ಆಫ್ರಿಕಾದ ಜೊಹಾನ್ಸ್‌ಬರ್ಗ್‌ನಲ್ಲಿ, ಬ್ರೂಸ್ ಮೆಕ್ಸಿಕೋದಲ್ಲಿ. ಹದಿಮೂರನೇ ಸಲಕ್ಕೆ ಬರುವಷ್ಟರಲ್ಲಿ ರಾಥ್‌ಬೋನ್‌ಗೆ ಈ ಪಾತ್ರ ಸಾಕಾಗಿತ್ತು. ಸಿನಿಮಾ ಸಾಲದು ಅಂತ 1939ರಿಂದ ರೇಡಿಯೋದಲ್ಲೂ ಇವರಿಬ್ಬರದೇ ಹೋಮ್ಸ್-ವಾಟ್ಸನ್ ನಡೆಯುತ್ತಿತ್ತು. ಇದಾದ ಮೇಲೆ ಇನ್ನೊಂದೇ ಒಂದು ಸಿನಿಮಾ ಮಾಡಿ ಬಿಟ್ಟ. ಸುಸ್ತು ಕಣ್ಣಲ್ಲಿ ಕಾಣುತ್ತದೆ ಅಂತ ಮೇಡಂ ಹೇಳಿದರು. ನನಗೆ ಕಾಣಲಿಲ್ಲ. ದಿನಾ ಆರು ಗಂಟೆಗೆ ಎದ್ದು ರೈಲು ಹಿಡಿಯುವವರಿಗೆ ಸುಸ್ತು ಬೇಗ ಗುರುತು ಸಿಗುತ್ತದೋ ಏನೋ, ಆದರೆ ನಾನೂ ಹಾಗೇ ಎದ್ದು ಬರೋನಲ್ಲವಾ.

ಬಾಗಿಲ ದೃಶ್ಯ ಬಿಟ್ಟುಹೋಗುತ್ತಿತ್ತು. ಹೋಮ್ಸ್‌ನನ್ನು ಯಾರೋ ಹಿಂದಿನಿಂದ ದಬ್ಬುತ್ತಾರೆ, ಅವನು ಓಡುವ ಗಾಡಿಯ ಹೊರಗೆ ಜೋತಾಡುತ್ತಾ ಒಳಗೆ ಬರಲು ಒದ್ದಾಡುತ್ತಾನೆ. ಹಿಂದೆ ಓಡುವ ದೃಶ್ಯ ಪರದೆ ಮೇಲೆ ಬಿಟ್ಟಿದ್ದು ಅಂತ ಚಿಕ್ಕ ಮಕ್ಕಳಿಗೂ ಗೊತ್ತಾಗುತ್ತದೆ. ಆದರೂ ಮೈ ಜುಮ್ಮೆನ್ನುತ್ತದೆ, ಯಾಕಂದರೆ ನಾವು ಬೆಳಗ್ಗೆ ಬಾಗಿಲಲ್ಲಿ ನೇತಾಡಿಕೊಂಡು ಬಂದವರು. ಆ ತಣ್ಣನೆ ಕಂಬಿ ಕೈಗೆ ಹೇಗಿರುತ್ತದೆ ಅಂತ ಗೊತ್ತು.

ಕೊನೆಯ ಹತ್ತು ನಿಮಿಷ ಮಾತ್ರ ಜಬರ್ದಸ್ತ್. ದಾರಿಯಲ್ಲಿ ಸ್ಕಾಟ್ಲೆಂಡ್ ಪೊಲೀಸರು ಹತ್ತುತ್ತಾರೆ, ಅವರು ಪೊಲೀಸರೇ ಅಲ್ಲ, ಮೊರನ್ ಕಡೆಯವರು. ಹೋಮ್ಸ್ ಅದನ್ನು ಪತ್ತೆ ಹಚ್ಚಿಯೂ ತುಟಿ ಬಿಚ್ಚುವುದಿಲ್ಲ. ಒಂದು ಗುದ್ದಾಟ ಆಗುತ್ತದೆ, ಯಾರು ಯಾರನ್ನು ಹಿಡಿದರು ಅಂತ ತಿಳಿಯುವುದಿಲ್ಲ. ನಕಲಿ ಪೊಲೀಸರು ತಮ್ಮ ಯಜಮಾನನ ಮುಖಕ್ಕೆ ಕೋಟು ಮುಚ್ಚಿ ಬಿಡಿಸಿಕೊಂಡು ಹೋದೆವು ಅಂದುಕೊಂಡರೆ, ಕೋಟಿನ ಕೆಳಗಿರೋದು ಲೆಸ್ಟ್ರೇಡ್! ಇಡೀ ಸಿನಿಮಾ ಏಟು ತಿಂದವನಿಗೆ ಕೊನೆಗೊಂದು ಚಾನ್ಸು. ಇಲ್ಲಿ ನಾನು ಜೋರಾಗಿಯೇ ನಕ್ಕುಬಿಟ್ಟೆ, ಎದುರು ನಿದ್ದೆ ಮಾಡುತ್ತಿದ್ದವರು ಎದ್ದು ಯಾವ ಸ್ಟೇಷನ್ ಅಂತ ಕೇಳಿದರು.

ನೋಡುವವರಿಗೆ ಒಂದು ಉಪಯೋಗದ ಮಾತು. ಫ್ರೀ ಇರುವ ಕಾರಣ ಇದರ ಕೆಟ್ಟ ಪ್ರಿಂಟುಗಳು ಬೇಕಾದಷ್ಟಿವೆ. ನಾನು ಮೊದಲು ಯಾವುದೋ ಚಾನೆಲಿನಲ್ಲಿ ಹಾಕಿದ್ದನ್ನು ನೋಡಿ ಮೋಸ ಹೋದೆ, ಮುಖಗಳೆಲ್ಲ ಕಲ್ಲಂಗಡಿ ಬಣ್ಣ, ಹತ್ತು ನಿಮಿಷಕ್ಕೊಂದು ಜಾಹೀರಾತು, ಮಾತು ತುಟಿಗಿಂತ ಮುಂದೆ ಓಡುತ್ತಿತ್ತು. ಬಣ್ಣ ಹಾಕಿದ್ದನ್ನು ದಯವಿಟ್ಟು ನೋಡಬೇಡಿ. ಓಣಿಯ ನೆರಳು, ಬಾಗಿಲ ಸಂದಿಯ ಬೆಳಕು, ಇದೇ ಈ ಸಿನಿಮಾದ ಆಸ್ತಿ, ಬಣ್ಣ ಬಳಿದರೆ ಅದೇ ಹೋಗುತ್ತದೆ. ಯೂನಿವರ್ಸಲ್‌ನ ಹನ್ನೆರಡನ್ನೂ ಹಳೇ ಸಿನಿಮಾ ಕಾಪಾಡುವ, ಅಮೆರಿಕದ ಯುಸಿಎಲ್‌ಎ ವಿಶ್ವವಿದ್ಯಾಲಯದ ಫಿಲ್ಮ್ ಆರ್ಕೈವ್‌ನವರು ರಿಪೇರಿ ಮಾಡಿ ಇಟ್ಟಿದ್ದಾರೆ, ಆ ಪ್ರಿಂಟು ಸಿಕ್ಕಿದರೆ ಅದನ್ನೇ ನೋಡಿ. ಸಬ್‌ಟೈಟಲ್ ಹಾಕಿಕೊಳ್ಳಿ. ವಾಟ್ಸನ್ ಗೊಣಗುವುದು ಅದಿಲ್ಲದೆ ಅರ್ಥ ಆಗಲ್ಲ.

ಬೋಗಿಯ ಮಾರ್ಕು ಹೀಗಿದೆ. ಮೇಷ್ಟ್ರು ನಾಲ್ಕು, ಪ್ರೊಫೆಸರ್ ಪಕ್ಷಪಾತ ಸೇರಿ. ಮೇಡಂ ಮೂರೂವರೆ. ಹುಡುಗಿ ಎರಡೂವರೆ, ವಾಟ್ಸನ್‌ಗೆ ಆದ ಅವಮಾನಕ್ಕೆ. ಲೋಕೋ ಪೈಲಟ್ ಸಾಹೇಬರ ಎರಡು ಗೊತ್ತೇ ಇದೆ. ಟೂಲ್ ರೂಮ್ ಅಣ್ಣ ಪೆಟ್ಟಿಗೆಯ ತೂತು ತೋರಿಸುವ ತನಕ ಮಾರ್ಕು ಕೊಡಲ್ಲ ಅಂದಿದ್ದಾರೆ. ನನ್ನದು ಮೂರೂವರೆ, ಅದರಲ್ಲಿ ಒಂದು ಪೂರ್ತಿ ಟೀಪಾಟಿಗೆ.

ಮುಂದಿನ ತಿಂಗಳಿಗೆ ಇದೇ ಸರಣಿಯ ಕೊನೆಯದು, ‘ಡ್ರೆಸ್ಡ್ ಟು ಕಿಲ್’. ಅದೂ ಫ್ರೀ. ಅದು ಎಪ್ಪತ್ತು ನಿಮಿಷಕ್ಕೂ ಸ್ವಲ್ಪ ಜಾಸ್ತಿ ಇದೆ, ಯಶವಂತಪುರಕ್ಕೆ ಮುಗಿಯಲ್ಲ ಅಂತ ನಾನು ಹೇಳಿದೆ. “ದೊಡ್ಡಬೆಲೇಲಿ ನಿಲ್ಲಿಸ್ತಾರೆ ಬಿಡಿ, ಮುಗಿಯುತ್ತೆ” ಅಂದರು ಲೋಕೋ ಪೈಲಟ್ ಸಾಹೇಬರು.